ಬಂಪ್ ಟೆಸ್ಟ್‌ನಲ್ಲಿ ಎಚ್‌ಟುಎಸ್ ಮಾತ್ರ ಫೇಲ್: ಸೆನ್ಸರ್ ಹೋಯ್ತಾ, ಗ್ಯಾಸ್ ಕೆಟ್ಟಿದೆಯಾ?

ಎಸ್‌ಟಿಪಿ ಶಿಫ್ಟ್:
ನಮ್ಮ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಾಲ್ಕು ಗ್ಯಾಸ್ ಅಳೆಯುವ ಮಾನಿಟರ್ 6 ಇವೆ, ಪಂಪ್ ಇಲ್ಲದ ಮಾದರಿ. ಬಂಪ್ ಟೆಸ್ಟ್ ಮಾಡಿದೆವು, ಅಂದರೆ ಗೊತ್ತಿರುವ ಪ್ರಮಾಣದ ಗ್ಯಾಸ್ ಬಿಟ್ಟು ಮಾನಿಟರ್ ಸರಿ ತೋರಿಸುತ್ತಾ ಅಂತ ನೋಡೋದು. ಸಿಲಿಂಡರ್‌ನಲ್ಲಿ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) 25 ಪಿಪಿಎಂ (ಹತ್ತು ಲಕ್ಷಕ್ಕೆ 25 ಪಾಲು), ಸಿಒ (ಕಾರ್ಬನ್ ಮೊನಾಕ್ಸೈಡ್) 100 ಪಿಪಿಎಂ, ಮೀಥೇನ್ 2.5%, ಆಮ್ಲಜನಕ 18%, ಉಳಿದದ್ದು ನೈಟ್ರೋಜನ್. ರೆಗ್ಯುಲೇಟರ್ ನಿಮಿಷಕ್ಕೆ 0.5 ಲೀಟರ್. ಸಿಒ 98, ಆಮ್ಲಜನಕ 18.1, ಎಲ್‌ಇಎಲ್ (ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಶೇಕಡಾ ಎಷ್ಟಿದೆ ಅನ್ನೋದು) 49 ಬರುತ್ತೆ. ಎಚ್‌ಟುಎಸ್ ಮಾತ್ರ ಆರರಲ್ಲೂ 16 ದಾಟಲ್ಲ. ಹಳೇ ಟ್ಯೂಬ್ ಬಿರುಕು ಬಿಟ್ಟಿತ್ತು ಅಂತ ಮೊನ್ನೆ 2 ಮೀಟರ್ ಸಿಲಿಕೋನ್ ಟ್ಯೂಬ್ ಹಾಕಿದ್ದೇವೆ. ಕ್ಯಾಲಿಬ್ರೇಟ್ ಮಾಡಿದರೆ (ಸಿಲಿಂಡರ್ ಅಂಕಿಗೆ ಮಾನಿಟರ್ ಹೊಂದಿಸಿದರೆ) ಪಾಸ್ ಆಗುತ್ತೆ. ಹಾಗೇ ಕೆಲಸಕ್ಕೆ ಕೊಡಬಹುದಾ?

ಕ್ಯಾಲ್ ಬೆಂಚ್:
ಕೊಡಬೇಡಿ. ಆರು ಸೆನ್ಸರ್ ಒಂದೇ ದಿನ ಸಾಯಲ್ಲ. ಉಳಿದ ಮೂರು ಗ್ಯಾಸ್ ಸರಿಯಾಗಿ ಬರ್ತಿದೆ ಅಂದರೆ ಫ್ಲೋ, ಕ್ಯಾಪ್ (ಗ್ಯಾಸ್ ಬಿಡಲು ಮಾನಿಟರ್ ಮೇಲೆ ಕೂರಿಸುವ ಮುಚ್ಚಳ) ಎರಡೂ ಸರಿ ಇವೆ. ಎಚ್‌ಟುಎಸ್ ದಾರಿಯಲ್ಲೇ ಕಳೆದುಹೋಗ್ತಿದೆ. ಸಿಲಿಕೋನ್ ಟ್ಯೂಬ್ ಅದನ್ನು ಹೀರುತ್ತೆ, ಒಳಗೆ ತೇವ ಇದ್ದರೆ ಇನ್ನೂ ಜಾಸ್ತಿ.

ಮಾನಿಟರ್ ಕಂಪನಿ ಹೇಳಿದ ಟ್ಯೂಬನ್ನೇ ಹಾಕಿ, ಅರ್ಧ ಮೀಟರ್ ಒಳಗಿರಲಿ. ಮೊದಲು ಒಂದು ನಿಮಿಷ ಗ್ಯಾಸ್ ಸುಮ್ಮನೆ ಹರಿಯಬಿಟ್ಟು ಆಮೇಲೆ ಕ್ಯಾಪ್ ಹಾಕಿ. ಕೆಲಸ ಬಯಲಲ್ಲಿ ಅಥವಾ ಗಾಳಿ ಆಡುವ ಜಾಗದಲ್ಲಿ ಮಾಡಿ. ಆಗಲೂ ಆರೂ ಕಮ್ಮಿ ತೋರಿಸಿದರೆ ಸಿಲಿಂಡರ್‌ನ ಎಕ್ಸ್‌ಪೈರಿ ನೋಡಿ, ಬೇರೆ ಸಿಲಿಂಡರ್ ಹಚ್ಚಿ. ಒಂದೇ ಕಮ್ಮಿ ಬಂದರೆ ಆಗ ಸೆನ್ಸರ್ ಮೇಲೆ ಅನುಮಾನ ಪಡಿ.

ಸೆನ್ಸರ್‌ಗೆ 16 ಮಾತ್ರ ತಲುಪ್ತಿರುವಾಗ ಕ್ಯಾಲಿಬ್ರೇಟ್ ಮಾಡಿದರೆ ಮಾನಿಟರ್ ಅದನ್ನೇ 25 ಅಂದುಕೊಳ್ಳುತ್ತೆ. ಆಮೇಲೆ 10 ಪಿಪಿಎಂ ಅಲಾರಂ ಸುಮಾರು 6.4ಕ್ಕೇ ಕೂಗುತ್ತೆ. ಸುರಕ್ಷಿತ ಅಲ್ವಾ ಅನ್ನಿಸಬಹುದು, ಆದರೆ ದಿನಾ ಸುಳ್ಳು ಅಲಾರಂ ಕೇಳಿದ ಹುಡುಗರು ಅದನ್ನು ಆಫ್ ಮಾಡಿ ಜೇಬಿಗೆ ಹಾಕ್ತಾರೆ. ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು: ಸಿಲಿಂಡರ್‌ನಲ್ಲಿ 25, ಮಾನಿಟರ್ ಸೆಟ್ಟಿಂಗ್‌ನಲ್ಲಿ 10 ಇಟ್ಟು ಕ್ಯಾಲಿಬ್ರೇಟ್ ಮಾಡಿದರೆ ನಿಜವಾದ 25 ಪಿಪಿಎಂ ಬರುವ ತನಕ 10ರ ಅಲಾರಂ ಕೂಗಲ್ಲ. ಹೊಸ ಸಿಲಿಂಡರ್ ಬಂದಾಗೆಲ್ಲ ಲೇಬಲ್ಲೂ ಸೆಟ್ಟಿಂಗೂ ತಾಳೆ ನೋಡಿ.

ಎಸ್‌ಟಿಪಿ ಶಿಫ್ಟ್:
ಟ್ಯೂಬ್ ಬದಲಿಸಿದೆವು ಸರ್. ಐದರಲ್ಲಿ 24-25 ಬಂತು. ಒಂದರಲ್ಲಿ 17, ಅದೂ ನಿಧಾನವಾಗಿ ಏರುತ್ತೆ. ರಿಜಿಸ್ಟರ್‌ನಲ್ಲಿ ಬರೀ "ಓಕೆ" ಅಂತ ಬರೀತಿದ್ದೇವೆ, ಸಾಕಾ?

ಕ್ಯಾಲ್ ಬೆಂಚ್:
ಆ ಒಂದು ಮಾನಿಟರ್‌ನಲ್ಲಿ ಸೆನ್ಸರ್ ಮುಂದಿರುವ ಫಿಲ್ಟರ್‌ನಲ್ಲಿ ಧೂಳು, ಕೆಸರು ಇದೆಯಾ ನೋಡಿ, ಬದಲಿಸಿ. ನಂತರ ಶುದ್ಧ ಗಾಳಿಯಲ್ಲಿ ಜೀರೋ (ಸೊನ್ನೆ ಹೊಂದಿಸೋದು), ಆಮೇಲೆ ಸ್ಪ್ಯಾನ್ (ಸಿಲಿಂಡರ್ ಗ್ಯಾಸ್‌ನ ಅಂಕಿಗೆ ಹೊಂದಿಸೋದು). ಜನರೇಟರ್ ಪಕ್ಕ ನಿಂತು ಜೀರೋ ಮಾಡಬೇಡಿ. ಅಲ್ಲಿನ 5 ಪಿಪಿಎಂ ಸಿಒ ಸೊನ್ನೆ ಆಗಿಬಿಟ್ಟರೆ ಮುಂದೆ ಎಲ್ಲ ಕಡೆ 5 ಕಮ್ಮಿ ತೋರಿಸುತ್ತೆ. ಸ್ಪ್ಯಾನ್ ಫೇಲ್ ಆದರೆ, ಅಥವಾ ಪಾಸಾಗಿ ಎರಡು ದಿನಕ್ಕೆ ಮತ್ತೆ ಇಳಿದರೆ, ಸೆನ್ಸರ್ ಬದಲಿಸಿ.

"ಓಕೆ"ಯಿಂದ ಏನೂ ಗೊತ್ತಾಗಲ್ಲ. ಮಾನಿಟರ್ ಸೀರಿಯಲ್ ನಂಬರ್, ದಿನಾಂಕ, ಸಮಯ, ಸಿಲಿಂಡರ್ ಲಾಟ್ ನಂಬರ್, ಎಕ್ಸ್‌ಪೈರಿ ಬರೆಯಿರಿ. ನಾಲ್ಕೂ ಗ್ಯಾಸ್‌ಗೆ ಬಂದ ಅಂಕಿ, ಅಲಾರಂ ಕೂಗೋಕೆ ಎಷ್ಟು ಸೆಕೆಂಡ್, ಶಬ್ದ-ದೀಪ-ಕಂಪನ ಮೂರೂ ಕೆಲಸ ಮಾಡಿದವಾ, ಮಾಡಿದವರ ಸಹಿ. ಕ್ಯಾಲಿಬ್ರೇಟ್ ಮಾಡಿದರೆ ಮುಂಚಿನ ಅಂಕಿ ಒಂದು ಕಾಲಂ, ಆಮೇಲಿನದು ಇನ್ನೊಂದು. ಜನ ಬರೆಯದೆ ಬಿಡೋದು ಆ ಮುಂಚಿನ ಅಂಕಿಯನ್ನೇ. 25, 23, 20 ಅಂತ ಇಳಿಯೋದು ಕಂಡರೆ ಫೇಲ್ ಆಗೋ ಮೊದಲೇ ಸೆನ್ಸರ್ ತರಿಸಬಹುದು.

ರಿಫೈನರಿ ಶಟ್‌ಡೌನ್:
ಎಲ್‌ಇಎಲ್ ಬಗ್ಗೆ ಒಂದು ಮಾತು. ಸಿಲಿಂಡರ್‌ನ 2.5% ಮೀಥೇನ್ ಅಂದರೆ 50% ಎಲ್‌ಇಎಲ್, ಆದರೆ ಅದು 5% ಮೀಥೇನ್ ಅಂದರೆ 100% ಎಲ್‌ಇಎಲ್ ಅನ್ನೋ ಲೆಕ್ಕಕ್ಕೆ. ಮಾನಿಟರ್ 4.4% ಲೆಕ್ಕದಲ್ಲಿ ಸೆಟ್ ಆಗಿದ್ದರೆ ಅದೇ ಗ್ಯಾಸ್‌ಗೆ 57 ತೋರಿಸುತ್ತೆ, ಸೆನ್ಸರ್ ತಪ್ಪಲ್ಲ. ಇನ್ನು ಸಿಲಿಕೋನ್ ಸ್ಪ್ರೇ, ಪಾಲಿಶ್ ಹೊಡೆಯುವ ಕಡೆ ಮಾನಿಟರ್ ಇಡಬೇಡಿ. ಅದರ ಆವಿ ಎಲ್‌ಇಎಲ್ ಅಳೆಯುವ ಕ್ಯಾಟಲಿಟಿಕ್ ಸೆನ್ಸರ್‌ಗೆ ವಿಷ, ಮೊದಲು ಹೋಗೋದು ಮೀಥೇನ್ ಗುರುತಿಸುವ ಶಕ್ತಿ. ಪೆಂಟೇನ್‌ನಲ್ಲಿ (ಇನ್ನೊಂದು ಉರಿಯುವ ಗ್ಯಾಸ್) ಕ್ಯಾಲಿಬ್ರೇಟ್ ಮಾಡುವವರೂ ಬಂಪ್ ಮಾತ್ರ ಮೀಥೇನ್‌ನಲ್ಲೇ ಮಾಡಿ.

ಎಸ್‌ಟಿಪಿ ಶಿಫ್ಟ್:
ಫಿಲ್ಟರ್ ಬದಲಿಸಿದ ಮೇಲೆ 17 ಇದ್ದದ್ದು 18 ಆಯ್ತು, ಸ್ಪ್ಯಾನ್ ಫೇಲ್. ಮಾನಿಟರ್‌ಗೆ ಕೆಂಪು ಟ್ಯಾಗ್ ಕಟ್ಟಿ ಬೀರುವಿನಲ್ಲಿಟ್ಟೆವು, ಸೆನ್ಸರ್ ಆರ್ಡರ್ ಹಾಕಿದ್ದೇವೆ.