ಅಪ್ಪನ ಸಿಟಿ ಸ್ಕ್ಯಾನ್: ಕಂಪ್ಯೂಟರ್ ಐದು ಕಡೆ ಚೌಕ ಹಾಕಿದೆ, ಡಾಕ್ಟರು ಬರೆದದ್ದು ಒಂದೇ

ಹಾಸನದ ಮಗಳು:
ನಮ್ಮ ಅಪ್ಪನಿಗೆ 63. ಬೀಡಿ ತುಂಬಾ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಟಿಬಿ ಬಂದು ವಾಸಿಯಾಗಿತ್ತು. ತಮ್ಮ ಹಟ ಮಾಡಿದ ಅಂತ ಎದೆಯ ಲೋ ಡೋಸ್ (ಕಡಿಮೆ ವಿಕಿರಣದ) ಸಿಟಿ ಮಾಡಿಸಿದೆವು. ಫಿಲ್ಮ್ ಜೊತೆ ಒಂದು ಕಲರ್ ಹಾಳೆ ಕೊಟ್ಟರು. ಅದರಲ್ಲಿ ಎಐ ಸಾಫ್ಟ್‌ವೇರ್ ಐದು ಕಡೆ ಚೌಕ ಹಾಕಿದೆ. ರಿಪೋರ್ಟಿನಲ್ಲಿ ಮಾತ್ರ ಒಂದೇ ಇದೆ: ಬಲಗಡೆ ಮೇಲೆ 5 ಮಿ.ಮೀ. ನೋಡ್ಯೂಲ್ (ಚಿಕ್ಕ ಗಂಟು), ವರ್ಷ ಬಿಟ್ಟು ಮತ್ತೆ ಸ್ಕ್ಯಾನ್. ಉಳಿದ ನಾಲ್ಕು ಏನಾದವು? ಸೆಂಟರಿನಲ್ಲಿ ಕೇಳಿದರೆ "ರಿಪೋರ್ಟೇ ಫೈನಲ್" ಅಂತ ಕಳಿಸಿದರು.

ಕೋಡ್ ಬರೆಯೋನು:
ನಾನು ಡಾಕ್ಟರಲ್ಲ ಅಕ್ಕ, ಇಂಥ ಪ್ರೋಗ್ರಾಂ ಜೊತೆ ಸ್ವಲ್ಪ ಕೆಲಸ ಮಾಡಿದ್ದೇನೆ. ಇವನ್ನು ಪರೀಕ್ಷೆ ಮಾಡಲು ಲೂನಾ16 ಅಂತ ಒಂದು ಸ್ಪರ್ಧೆ ಇತ್ತು. 888 ಸ್ಕ್ಯಾನ್, 1186 ನೋಡ್ಯೂಲ್. ನಾಲ್ಕು ಜನ ರೇಡಿಯಾಲಜಿಸ್ಟ್‌ಗಳಲ್ಲಿ (ಸ್ಕ್ಯಾನ್ ಓದುವ ಡಾಕ್ಟರುಗಳಲ್ಲಿ) ಮೂವರಾದರೂ ಹೌದು ಅಂದದ್ದನ್ನೇ ಲೆಕ್ಕಕ್ಕೆ ತಗೊಂಡಿದ್ದರು. ಅಂದ್ರೆ ಡಾಕ್ಟರುಗಳಲ್ಲೇ ಎಲ್ಲದಕ್ಕೂ ಒಮ್ಮತ ಇರಲಿಲ್ಲ! ಅಂಕ ಕೊಡುವಾಗ ಸುಳ್ಳು ಗುರುತುಗಳನ್ನೂ ಎಣಿಸುತ್ತಾರೆ: ಎಂಟು ಸ್ಕ್ಯಾನಿಗೆ ಒಂದರಿಂದ ಶುರುವಾಗಿ, ಒಂದೇ ಸ್ಕ್ಯಾನಿಗೆ ಎಂಟರ ತನಕ. ಯಾವ ಗಂಟೂ ತಪ್ಪಬಾರದು ಅಂತ ಸೆಟ್ಟಿಂಗ್ ಸಡಿಲ ಬಿಟ್ಟರೆ ಸುಳ್ಳು ಚೌಕ ಜಾಸ್ತಿ ಬರುತ್ತವೆ.

ತುಮಕೂರಿನವ:
ಸುಮ್ನೆ ಯಾಕೆ ಯೋಚನೆ, ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿ ಮಾಡಿಸಿಬಿಡಿ.

ಫಿಲ್ಮ್ ನೋಡೋ ಡಾಕ್ಟರ್:
ತುಮಕೂರಿನವರೇ, 5 ಮಿ.ಮೀ. ಗಂಟಿಗೆ ಸೂಜಿ ತಾಗಿಸೋದೇ ಕಷ್ಟ. ಶ್ವಾಸಕೋಶಕ್ಕೆ ತೂತಾಗಿ ಎದೆಯೊಳಗೆ ಗಾಳಿ ತುಂಬಿಕೊಂಡರೆ ಅದು ಬೇರೆ ಫಜೀತಿ. ದಯವಿಟ್ಟು ಹಾಗೆಲ್ಲ ಸಲಹೆ ಕೊಡಬೇಡಿ.

ಮೇಡಂ, ನನ್ನ ಕೆಲಸವೇ ಸಿಟಿ ಓದುವುದು. ಮೊದಲು ಒಂದು ಮಾತು: ಆ ಹಾಳೆಯನ್ನು ನಿಮ್ಮ ಕೈಗೆ ಕೊಡಬಾರದಿತ್ತು. ಅದು ನಮ್ಮಂಥವರಿಗೆ "ಇಲ್ಲೊಮ್ಮೆ ನೋಡಿ" ಅಂತ ಹೇಳುವ ಚೀಟಿ. ಸಾಫ್ಟ್‌ವೇರ್ ಜಾಸ್ತಿ ಮೋಸ ಹೋಗುವುದು ರಕ್ತನಾಳದ ಹತ್ತಿರ. ನುಗ್ಗೇಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ದುಂಡಗೆ ಕಾಣುತ್ತದಲ್ವಾ, ಸಿಟಿ ಎದೆಯನ್ನು ಪದರ ಪದರವಾಗಿ ತೋರಿಸುವ ಒಂದೊಂದು ಸ್ಲೈಸಿನಲ್ಲಿ ರಕ್ತನಾಳವೂ ಹಾಗೇ. ನಾವು ಮೇಲಿನ, ಕೆಳಗಿನ ಸ್ಲೈಸ್‌ಗಳಿಗೆ ಹೋಗಿ ನೋಡಿದಾಗ ಆ ಚುಕ್ಕಿ ಕೊಳವೆಯಾಗುತ್ತದೆ. ಅಲ್ಲಿಗೆ ಆ ಚೌಕ ಹೋಯಿತು.

ನಿಮ್ಮ ತಂದೆಗೆ ಟಿಬಿ ಬಂದಿತ್ತು ಅನ್ನುವುದು ದೊಡ್ಡ ಸುಳಿವು. ವಾಸಿಯಾದ ಟಿಬಿ ಸುಣ್ಣ ಕಟ್ಟಿದ ಗಂಟನ್ನೂ, ಶ್ವಾಸಕೋಶದ ತುದಿಯಲ್ಲಿ ಗಾಯದ ಕಲೆಯನ್ನೂ ಬಿಟ್ಟು ಹೋಗುತ್ತದೆ. ಪೂರ್ತಿ ಸುಣ್ಣ ಕಟ್ಟಿದ ಚಿಕ್ಕ ಗಂಟು ಸಾಮಾನ್ಯವಾಗಿ ಹಳೆಯದು, ತೊಂದರೆಯದಲ್ಲ. ಮೇಲಿನವರು ಹೇಳಿದ ಲೂನಾ ಸ್ಕ್ಯಾನ್‌ಗಳು ಅಮೆರಿಕದ ಆಸ್ಪತ್ರೆಗಳಿಂದ ಬಂದವು. ನಮ್ಮಷ್ಟು ಟಿಬಿ ಅಲ್ಲಿಲ್ಲ. ಅಂಥದ್ದರಲ್ಲೇ ಕಲಿತ ಪ್ರೋಗ್ರಾಂ ನಮ್ಮ ಎದೆಗಳನ್ನು ನೋಡಿ ಗಾಬರಿಯಾದರೆ ನನಗೇನೂ ಆಶ್ಚರ್ಯವಿಲ್ಲ.

ಹಾಗಂತ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕಿದ್ದು ಸರಿಯಲ್ಲ. ನಮಗೂ ಗಂಟುಗಳು ತಪ್ಪುತ್ತವೆ, ಅದರಲ್ಲೂ ದೊಡ್ಡ ರಕ್ತನಾಳಗಳ ಪಕ್ಕ ಕೂತಿರುವಂಥವು. ಮಷೀನ್ ನೆರವಿಗೆ ಬರುವುದೇ ಅಲ್ಲಿ. ಆದ್ದರಿಂದ ರಿಪೋರ್ಟ್ ಬರೆದ ಡಾಕ್ಟರನ್ನೇ ನೇರವಾಗಿ ಕೇಳಿ: "ಉಳಿದ ನಾಲ್ಕನ್ನು ನೋಡಿ ಬಿಟ್ಟಿದ್ದೀರಾ, ಇಲ್ಲಾ ನೋಡಲೇ ಇಲ್ವಾ?" ನೋಡಿದ್ದರೆ ಒಂದು ಸಾಲು ಬರೆದುಕೊಡಲು ಎರಡು ನಿಮಿಷ ಸಾಕು.

ಸುಳ್ಳು ಅನುಮಾನ ಮಷೀನಿಗೆ ಮಾತ್ರ ಬರುವುದಲ್ಲ. ಶ್ವಾಸಕೋಶದ ಕ್ಯಾನ್ಸರನ್ನು ಮೊದಲೇ ಹುಡುಕುವ ಬಗ್ಗೆ ಅಮೆರಿಕದಲ್ಲಿ ನಡೆದ ಎನ್‌ಎಲ್‌ಎಸ್‌ಟಿ ಅಧ್ಯಯನದಲ್ಲಿ 53 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಎಕ್ಸ್‌ರೇ ಗುಂಪಿಗಿಂತ ಲೋ ಡೋಸ್ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾಯಿತು ಅಂತ 2011ರಲ್ಲಿ ಪ್ರಕಟವಾಯಿತು. ಅದೇ ಸಿಟಿಯಲ್ಲಿ ಅನುಮಾನ ಅಂತ ಬಂದ ಫಲಿತಾಂಶಗಳಲ್ಲಿ ಶೇ. 96 ಕ್ಯಾನ್ಸರ್ ಆಗಿರಲಿಲ್ಲ. ಅವನ್ನು ಓದಿದ್ದು ಡಾಕ್ಟರುಗಳೇ.

ಹಾಸನದ ಮಗಳು:
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ನಾಳೆಯೇ ಹೋಗಿ ಕೇಳುತ್ತೇನೆ. ಟಿಬಿ ಕಾಲದ ಎಕ್ಸ್‌ರೇ ಅಮ್ಮನ ಟ್ರಂಕಿನಲ್ಲಿದೆ. ಉಪಯೋಗ ಆಗುತ್ತಾ?

ಫಿಲ್ಮ್ ನೋಡೋ ಡಾಕ್ಟರ್:
ಖಂಡಿತ ತಗೊಂಡು ಹೋಗಿ. 5 ಮಿ.ಮೀ. ಮೆತ್ತನೆ ಗಂಟು ಎಕ್ಸ್‌ರೇಯಲ್ಲಿ ಕಾಣಲಿಕ್ಕಿಲ್ಲ. ಸುಣ್ಣ ಕಟ್ಟಿದ್ದು, ಕಲೆ ಇದ್ದರೆ ಹೋಲಿಸಲು ಆಗುತ್ತದೆ. ಬರೀ ಫಿಲ್ಮ್ ಸಾಲದು, ತೆಳು ಸ್ಲೈಸ್‌ಗಳಿರುವ ಸಿಡಿ ಕೇಳಿ ಇಸ್ಕೊಳ್ಳಿ. 5 ಮಿ.ಮೀ. ಅಡ್ಡಳತೆಯ ಗಂಟು 6.3 ಆದರೆ ಅದರ ಘನಗಾತ್ರ (ವಾಲ್ಯೂಮ್) ಎರಡು ಪಟ್ಟು ಆದಂತೆ. ಅಷ್ಟು ಸಣ್ಣ ವ್ಯತ್ಯಾಸ ದಪ್ಪ ಸ್ಲೈಸಿನಲ್ಲಿ ಸಿಗುವುದಿಲ್ಲ. ಮುಂದಿನ ವರ್ಷವೂ ಆದಷ್ಟು ಅದೇ ಮಷೀನಿನಲ್ಲೇ ಮಾಡಿಸಿ. ನಡುವೆ ಕಫದಲ್ಲಿ ರಕ್ತ ಬಂದರೆ, ಇಲ್ಲಾ ತೂಕ ಇಳಿದರೆ ವರ್ಷ ಕಾಯಬೇಡಿ, ಎದೆ ಡಾಕ್ಟರ ಹತ್ತಿರ ಹೋಗಿ.