ಸಮ್ಮೇಳನಕ್ಕೆ ಕೊಡುವ ‘ಫೆಲೋಶಿಪ್’ ಶಿಷ್ಯವೇತನವೇ, ಧನಸಹಾಯವೇ?

ಆರ್ಥಿಕ ಅಂಕಿಅಂಶಗಳ ಕ್ಷೇತ್ರದಲ್ಲಿ ದುಡಿಯುವವರು ಸಂಶೋಧನಾ ಸಮ್ಮೇಳನವೊಂದರಲ್ಲಿ ಪಾಲ್ಗೊಳ್ಳಲೆಂದು ನೀಡುವ ಫೆಲೋಶಿಪ್ಪಿನ ಪ್ರಕಟಣೆಯನ್ನು ಕನ್ನಡದಲ್ಲಿ ಬರೆಯುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಆದಾಯ ಮತ್ತು ಸಂಪತ್ತಿನ ಸಂಶೋಧನೆಗೆಂದು 1947ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘವು ಎರಡು ವರ್ಷಕ್ಕೊಮ್ಮೆ ನಡೆಸುವಂಥ ಸಮ್ಮೇಳನಗಳಿಗೆ ಬರುವವರಲ್ಲಿ ಪ್ರಾಧ್ಯಾಪಕರಷ್ಟೇ ಅಲ್ಲದೆ, ರಾಷ್ಟ್ರೀಯ ಲೆಕ್ಕಪತ್ರ (ದೇಶದ ಒಟ್ಟು ಉತ್ಪಾದನೆ, ಆದಾಯಗಳ ಲೆಕ್ಕ), ಬೆಲೆ ಸೂಚ್ಯಂಕ, ಕುಟುಂಬ ವೆಚ್ಚದ ಸಮೀಕ್ಷೆ ಮುಂತಾದವುಗಳನ್ನು ಸಿದ್ಧಪಡಿಸುವ ಸರ್ಕಾರಿ ಅಧಿಕಾರಿಗಳೂ ಇರುತ್ತಾರೆ. ಇಂಥ ನೆರವು ಸಾಮಾನ್ಯವಾಗಿ ವಿಮಾನದ ಟಿಕೆಟ್, ವಸತಿ ಮತ್ತು ನೋಂದಣಿ ಶುಲ್ಕಕ್ಕೆ ಸಂಬಂಧಿಸಿದ್ದು; ಪ್ರಬಂಧ ಆಯ್ಕೆಯಾಗಿರಬೇಕೆಂಬ ಷರತ್ತೂ ಅನೇಕ ವೇಳೆ ಅದರೊಂದಿಗೆ ಇರುತ್ತದೆ.

ಇದನ್ನು ‘ಶಿಷ್ಯವೇತನ’ ಎನ್ನಲು ನನಗೆ ಮನಸ್ಸಿಲ್ಲ. ಆ ಪದವನ್ನು ತರಬೇತಿಯಲ್ಲಿರುವ ವೈದ್ಯರಿಗೂ ಅಪ್ರೆಂಟಿಸ್‌ಗಳಿಗೂ ತಿಂಗಳು ತಿಂಗಳು ಸಂದಾಯವಾಗುವ ಹಣಕ್ಕೆ ಬಳಸುತ್ತೇವೆ. ಇಲ್ಲಿ ಶಿಷ್ಯನೂ ಇಲ್ಲ, ವೇತನವೂ ಇಲ್ಲ. ಹದಿನೈದು ಇಪ್ಪತ್ತು ವರ್ಷ ಸೇವೆ ಸಲ್ಲಿಸಿ, ತನ್ನ ದೇಶದ ಒಟ್ಟು ಆಂತರಿಕ ಉತ್ಪನ್ನದ ಮೂಲವರ್ಷವನ್ನು, ಅಂದರೆ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳುವ ವರ್ಷವನ್ನು, ಬದಲಾಯಿಸುವ ಕೆಲಸದ ಹೊಣೆ ಹೊತ್ತಿರುವ ಅಧಿಕಾರಿಗೆ ‘ನಿಮಗೆ ಶಿಷ್ಯವೇತನ ಮಂಜೂರಾಗಿದೆ’ ಎಂದು ಬರೆದರೆ ಅವರು ನಕ್ಕು ಸುಮ್ಮನಾಗಬಹುದು, ಅವರ ಕಚೇರಿಯ ಲೆಕ್ಕಪತ್ರ ವಿಭಾಗ ಮಾತ್ರ ಸುಮ್ಮನಾಗಲಿಕ್ಕಿಲ್ಲ. ‘ವಿದ್ಯಾರ್ಥಿವೇತನ’ದ ಮಾತನ್ನಂತೂ ಎತ್ತಬೇಕಾಗಿಯೇ ಇಲ್ಲ.

‘ಸಹಾಯಧನ’ ಎಂದರೆ ಓದುಗರ ಮನಸ್ಸು ನೇರವಾಗಿ ಸಬ್ಸಿಡಿಯ ಕಡೆಗೆ, ಟ್ರ್ಯಾಕ್ಟರ್ ಮತ್ತು ಹನಿ ನೀರಾವರಿಯ ಕಡೆಗೆ ಹೋಗುತ್ತದೆ. ಅವೇ ಎರಡು ಪದಗಳನ್ನು ಹಿಂದುಮುಂದು ಮಾಡಿದ ‘ಧನಸಹಾಯ’ಕ್ಕೆ ಈ ತೊಂದರೆಯಿಲ್ಲ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಹೆಸರಿನಿಂದ ಅದು ಅನುದಾನದ ಅರ್ಥದಲ್ಲಿ ನೆಲೆಯೂರಿದೆ. ಆದ್ದರಿಂದ ‘ಪ್ರಯಾಣ ಧನಸಹಾಯ’ ಎಂಬುದು ಹಣದ ಮಟ್ಟಿಗೆ ಸರಿಯಾದ ಮಾತು. ಆದರೆ ಹಲವರ ನಡುವೆ ಒಬ್ಬರನ್ನು ಆರಿಸಿ, ಅವರ ಕೆಲಸಕ್ಕೆ ಮನ್ನಣೆ ನೀಡಿದ ಸಂಗತಿ ಅದರಲ್ಲಿ ಬಿಟ್ಟುಹೋಗುತ್ತದೆ. ಸಾಹಿತ್ಯ ಅಕಾಡೆಮಿಯ ಫೆಲೋಶಿಪ್ ಎಂದಾಗ ಹಣದ ಯೋಚನೆಯೇ ಬಾರದೆ ಗೌರವವಷ್ಟೇ ತೋರುವುದನ್ನು ನೆನೆದರೆ, ಒಂದೇ ಪದ ಎಷ್ಟು ದೂರದ ಎರಡು ಅರ್ಥಗಳನ್ನು ಹೊತ್ತಿದೆಯೆಂಬುದು ತಿಳಿಯುತ್ತದೆ. ಸಮ್ಮೇಳನದ ಫೆಲೋಶಿಪ್ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಇನ್ನು ಅದನ್ನು ಪಡೆಯುವವರ ಹೆಸರು. ‘ಆರ್ಥಿಕ ಸಂಖ್ಯಾಶಾಸ್ತ್ರಜ್ಞ’ ಎಂಬುದು ಪಠ್ಯಪುಸ್ತಕದ ದೃಷ್ಟಿಯಿಂದ ಶುದ್ಧವಾಗಿಯೇ ಇದೆ. ಆದರೆ ಹೆಸರಿನ ಅಕ್ಷರಗಳನ್ನು ಕೂಡಿ ಭವಿಷ್ಯ ಹೇಳುವ ವಿದ್ಯೆಗೂ ಪತ್ರಿಕೆಗಳು ‘ಸಂಖ್ಯಾಶಾಸ್ತ್ರ’ ಎಂದೇ ಬರೆಯುತ್ತಿರುವುದರಿಂದ, ಹಣದ ಯೋಗವನ್ನು ತಿಳಿಸುವವರು ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಅವರನ್ನು ದೂರುವಂತಿಲ್ಲ. ಮೇಲಾಗಿ ‘ಆರ್ಥಿಕ ಸಂಖ್ಯಾಶಾಸ್ತ್ರಜ್ಞರಿಗೆ ಆರ್ಥಿಕ ನೆರವು’ ಎಂದಾಗ ಮೊದಲನೆಯ ‘ಆರ್ಥಿಕ’ವು ಅರ್ಥವ್ಯವಸ್ಥೆಯನ್ನೂ ಎರಡನೆಯದು ಹಣವನ್ನೂ ಸೂಚಿಸುತ್ತದೆ. ‘ಅರ್ಥಮಿತಿ (ಇಕನಾಮೆಟ್ರಿಕ್ಸ್) ತಜ್ಞ’ ಎಂಬುದು ಇದಕ್ಕೆ ಪರಿಹಾರವಲ್ಲ. ಅರ್ಥಮಿತಿಯವರು ಮುಖ್ಯವಾಗಿ ದತ್ತಾಂಶವನ್ನು ಬಳಸಿ ಸಿದ್ಧಾಂತಗಳನ್ನು ಪರೀಕ್ಷಿಸುವವರು, ಇವರು ಆ ದತ್ತಾಂಶವನ್ನೇ ರೂಪಿಸುವವರು. ಸರ್ಕಾರದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹೆಸರಿನಲ್ಲಿರುವ ‘ಸಾಂಖ್ಯಿಕ’ಕ್ಕೆ ಜ್ಯೋತಿಷ್ಯದ ಸೋಂಕಿಲ್ಲ, ಆದರೆ ಅದು ಕಚೇರಿಯ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ.

ಸದ್ಯಕ್ಕೆ ನಾನು ‘ಅರ್ಥವ್ಯವಸ್ಥೆಯ ಅಂಕಿಅಂಶ ತಜ್ಞರಿಗೆ ಸಂಶೋಧನಾ ಸಮ್ಮೇಳನದ ಫೆಲೋಶಿಪ್’ ಎಂದು ಬರೆದು, ಅದರ ಕೆಳಗಿನ ಸಾಲಿನಲ್ಲಿ ಪ್ರಯಾಣ ಮತ್ತು ವಸತಿಗೆ ಧನಸಹಾಯ ದೊರೆಯುತ್ತದೆಂದು ವಿವರಿಸಿದ್ದೇನೆ. ಫೆಲೋಶಿಪ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಫೆಲೋಶಿಪ್ ಪಡೆದವರನ್ನು ‘ಫೆಲೋಗಳು’ ಎನ್ನುವುದೋ ‘ಆಯ್ಕೆಯಾದವರು’ ಎನ್ನುವುದೋ ಎಂಬಲ್ಲಿ ಇನ್ನೂ ನಿರ್ಧಾರಕ್ಕೆ ಬಂದಿಲ್ಲ. ಸಾಂಖ್ಯಿಕ ಇಲಾಖೆಗಳಲ್ಲಿ ಕೆಲಸ ಮಾಡಿದವರು ತಮ್ಮ ಕಡತಗಳಲ್ಲಿ ಇಂಥವರನ್ನು ಏನೆಂದು ಕರೆಯುತ್ತಾರೆಂಬುದನ್ನು ತಿಳಿಸಿದರೆ ಉಪಕಾರವಾದೀತು.