ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಬಹುದೇ?

ಪ್ರಶ್ನೆ (ಉಪನ್ಯಾಸಕಿ, ದಾವಣಗೆರೆ)

ನನಗೆ ಈಗ 43 ವರ್ಷ. ಮೊದಲು ಸಾಲಾಗಿಯೇ ಇದ್ದ ನನ್ನ ಮೇಲಿನ ಬಾಚಿಹಲ್ಲುಗಳ ನಡುವೆ ಕೆಲವು ವರ್ಷಗಳಿಂದ ಸಂದು ಬಿಡುತ್ತ ಬಂದಿದ್ದು, ಅವುಗಳಲ್ಲಿ ಒಂದು ತುಸು ಮುಂದಕ್ಕೂ ಬಾಗಿದೆ. ಎಡಗಡೆಯ ಕೆಳದವಡೆ ಹಲ್ಲೊಂದನ್ನು ಹುಳುಕಿನಿಂದಾಗಿ ಬಹಳ ಹಿಂದೆಯೇ ಕೀಳಿಸಿದ್ದೇನೆ. ಆ ಜಾಗ ಇಂದಿಗೂ ಖಾಲಿ ಇದೆ. ಹಲ್ಲುಜ್ಜುವಾಗ ಆಗಾಗ ರಕ್ತ ಕಾಣಿಸುತ್ತದೆ. ಪಾಠ ಮಾಡುವಾಗ ಸಂದಿನಿಂದ ಗಾಳಿ ಹೊರಟು ಸಕಾರ, ಶಕಾರಗಳು ಸ್ಪಷ್ಟವಾಗಿ ಬರುತ್ತಿಲ್ಲ ಎನ್ನುವುದು ನನ್ನ ಮುಖ್ಯ ಚಿಂತೆ. ಮನೆಯ ಹಿರಿಯರು, ಕ್ಲಿಪ್ ಏನಿದ್ದರೂ ಮಕ್ಕಳಿಗೆ, ಬೆಳೆದವರ ಹಲ್ಲು ಜಗ್ಗಿದರೆ ಬಿದ್ದೇ ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ? ಕ್ಲಿಪ್ ಹಾಕಿಸುವುದಾದರೆ ತಂತಿಯದ್ದು ಒಳ್ಳೆಯದೋ, ಈಗ ಬಂದಿರುವ, ಹಲ್ಲಿನ ಮೇಲೆ ತೊಡಿಸಿ ತೆಗೆಯಬಹುದಾದ ಪಾರದರ್ಶಕ ಅಲೈನರ್ ಒಳ್ಳೆಯದೋ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಆರ್ಥೊಡಾಂಟಿಸ್ಟ್, ಧಾರವಾಡ)

ಮೇಡಂ, ವಯಸ್ಸು ಇಲ್ಲಿ ಅಡ್ಡಿಯಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದೆ. ಹಲ್ಲಿನ ಮೇಲೆ ಹಿತವಾದ ಒತ್ತಡವನ್ನು ಬಹುಕಾಲ ಇಟ್ಟರೆ ಒತ್ತಿದ ಕಡೆಯ ಮೂಳೆ ಕರಗಿ, ಎಳೆದ ಕಡೆ ಹೊಸ ಮೂಳೆ ಕಟ್ಟುತ್ತದೆ. ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ಸರಿಯುತ್ತದೆ. ಈ ಕ್ರಿಯೆ ಹನ್ನೆರಡರ ಬಾಲಕನಲ್ಲೂ ಅರವತ್ತರ ಅಜ್ಜಿಯಲ್ಲೂ ನಡೆಯುತ್ತದೆ, ದೊಡ್ಡವರಲ್ಲಿ ಆರಂಭ ಸ್ವಲ್ಪ ನಿಧಾನ, ಅಷ್ಟೆ. ದವಡೆಯ ಬೆಳವಣಿಗೆ ಮುಗಿದಿರುವುದರಿಂದ ದವಡೆಯೇ ಉದ್ದ ಅಥವಾ ಗಿಡ್ಡವಾಗಿರುವ ದೋಷವನ್ನು ಮಕ್ಕಳಲ್ಲಿ ಮಾಡುವಂತೆ ಬೆಳವಣಿಗೆಯನ್ನೇ ತಿದ್ದಿ ಸರಿಪಡಿಸಲಾಗದು, ಅಂಥವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಿಮ್ಮ ವಿವರಣೆ ಓದಿದರೆ ನಿಮ್ಮದು ಆ ಬಗೆಯದೆಂದು ಅನ್ನಿಸುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ರಕ್ತದ ಮಾತು. ಸಾಲಾಗಿದ್ದ ಹಲ್ಲುಗಳು ನಲವತ್ತರ ಹೊತ್ತಿಗೆ ತಾವಾಗಿಯೇ ಬಿಡಿಬಿಡಿಯಾಗಿ ಮುಂದಕ್ಕೆ ಬಾಗತೊಡಗಿದರೆ ಮೊದಲು ಶಂಕಿಸಬೇಕಾದದ್ದು ವಸಡಿನ ರೋಗವನ್ನು. ಪಾಚಿ ಗಟ್ಟಿಯಾಗಿ ವಸಡಿನ ಒಳಗೆ ಇಳಿದಾಗ ಬೇರನ್ನು ಹಿಡಿದಿರುವ ಮೂಳೆ ನೋವಿಲ್ಲದೆಯೇ ಸವೆಯುತ್ತ ಹೋಗುತ್ತದೆ. ಜೊತೆಗೆ, ಕೀಳಿಸಿದ ದವಡೆ ಹಲ್ಲಿನ ಜಾಗ ಖಾಲಿ ಉಳಿದಿರುವುದರಿಂದ ಅದರ ಹಿಂದಿನ ಹಲ್ಲು ಆ ಕಡೆಗೆ ವಾಲಿರಬಹುದು, ಮೇಲಿನದು ಕೆಳಕ್ಕೆ ಇಳಿದಿರಬಹುದು. ಹಿಂದಿನ ಹಲ್ಲುಗಳ ಆಧಾರ ಹೀಗೆ ತಪ್ಪಿದಾಗ ಕಚ್ಚುವ ಭಾರವೆಲ್ಲ ಮುಂದಿನ ಹಲ್ಲುಗಳ ಮೇಲೆ ಬಿದ್ದು, ಮೊದಲೇ ಹಿಡಿತ ಸಡಿಲವಾದ ಅವು ಹೊರಕ್ಕೆ ಸರಿಯುತ್ತವೆ.

ಆದ್ದರಿಂದ ಮೊದಲು ವಸಡಿನ ತಜ್ಞರನ್ನು ಕಾಣಿರಿ. ಅವರು ಸಣ್ಣ ಅಳತೆಗೋಲನ್ನು ಪ್ರತಿ ಹಲ್ಲಿನ ಸುತ್ತ ವಸಡಿನೊಳಗೆ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ನೋಡುತ್ತಾರೆ. 3 ಮಿಲಿಮೀಟರಿನವರೆಗೆ ಇದ್ದರೆ ಚಿಂತೆಯಿಲ್ಲ, ಅದಕ್ಕಿಂತ ಆಳವಾಗಿದ್ದು ರಕ್ತವೂ ಬಂದರೆ ಚಿಕಿತ್ಸೆ ಬೇಕು. ಆಳವಾದ ಶುಚಿ ಮಾಡಿಸಿ, ಕೆಲವು ತಿಂಗಳು ಕಾದು, ರಕ್ತ ನಿಂತಿದೆಯೆಂದು ಖಚಿತವಾದ ಮೇಲೆಯೇ ಕ್ಲಿಪ್. ವಸಡು ಉರಿಯುತ್ತಿರುವಾಗಲೇ ತಂತಿ ಬಿಗಿದರೆ ಮೂಳೆ ಇನ್ನಷ್ಟು ವೇಗವಾಗಿ ಸವೆಯುತ್ತದೆ. ಹಿರಿಯರು ಹೇಳುವ ಹಲ್ಲು ಬೀಳುವ ಭಯಕ್ಕೆ ಆಧಾರವಿರುವುದು ಇಲ್ಲಿ ಮಾತ್ರ. ವಸಡು ಗುಣವಾಗಿದ್ದರೆ ಮೂಳೆ ಸ್ವಲ್ಪ ತಗ್ಗಿದ್ದ ಹಲ್ಲನ್ನೂ ಸುರಕ್ಷಿತವಾಗಿ ಸರಿಸಬಹುದು. ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಿ, ಏಕೆಂದರೆ ಎರಡೂ ಮೂಳೆಯ ಕೆಲಸದ ಮೇಲೆ ಪರಿಣಾಮ ಬೀರುತ್ತವೆ.

ಉತ್ತರ (ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ)

ಅಕ್ಕಾ, ನಾನು ಮೂವತ್ತೇಳರಲ್ಲಿ ಕ್ಲಿಪ್ ಹಾಕಿಸಿದವನು, ಕೌಂಟರಿನಲ್ಲಿ ದಿನವಿಡೀ ಜನರೊಡನೆ ಮಾತನಾಡುವ ಕೆಲಸ ನನ್ನದು. ಕ್ಲಿಪ್ ನೋಡಿ ಜನ ಏನೆಂದಾರು ಎನ್ನುವ ಅಳುಕು ಮೊದಲ ವಾರದಲ್ಲೇ ಹೋಗಿಬಿಡುತ್ತದೆ. ತಂತಿ ಬದಲಿಸಿದ ಮೇಲೆ ಮೂರು ದಿನ ಚಪಾತಿ ಅಗಿಯುವುದೂ ಕಷ್ಟ, ಆಗ ಮೊಸರನ್ನ, ಮೆತ್ತಗಿನ ಇಡ್ಲಿಯೇ ಗತಿ. ಕೆನ್ನೆಯ ಒಳಗೆ ತಂತಿ ತಾಗಿ ಹುಣ್ಣಾದರೆ ವೈದ್ಯರು ಕೊಡುವ ಮೇಣವನ್ನು ಬೆರಳಿನಲ್ಲಿ ಮೆದುಮಾಡಿ ಆ ತಂತಿಯ ಮೇಲೆ ಅಂಟಿಸಿಕೊಳ್ಳಬೇಕು.

ದಾವಣಗೆರೆಯವರಾದ್ದರಿಂದ ಒಂದು ಮಾತು ವಿಶೇಷವಾಗಿ ಹೇಳುತ್ತೇನೆ: ಮಂಡಕ್ಕಿಯ ತೆಳು ಸಿಪ್ಪೆ ಬ್ರ್ಯಾಕೆಟ್ಟಿನ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡಿನ) ಅಂಚಿನಲ್ಲಿ, ವಸಡಿಗೆ ತಾಗಿದಂತೆ ಕೂತುಬಿಟ್ಟರೆ ಸಾಮಾನ್ಯ ಬ್ರಷ್ಷಿಗೆ ಬಗ್ಗುವುದಿಲ್ಲ. ಅದಕ್ಕೆಂದೇ ಬಾಟಲಿ ತೊಳೆಯುವ ಕುಂಚದ ಆಕಾರದ ಪುಟ್ಟ ಬ್ರಷ್ ಸಿಗುತ್ತದೆ, ಅದು ಸದಾ ಚೀಲದಲ್ಲಿರಲಿ. ಚಕ್ಕುಲಿ, ನಿಪ್ಪಟ್ಟು, ಕಬ್ಬು ಬೇಡವೇ ಬೇಡ, ಬ್ರ್ಯಾಕೆಟ್ ಕಿತ್ತು ಬರುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಆರಿಸಿಕೊಂಡರೆ ಅದರ ಸುತ್ತಲಿನ ರಬ್ಬರು ನಮ್ಮ ಸಾರಿನ ಅರಿಸಿನಕ್ಕೆ ಹಳದಿಯಾಗುತ್ತದೆ, ಆದರೆ ಪ್ರತಿ ಭೇಟಿಯಲ್ಲೂ ಅದನ್ನು ಬದಲಿಸುತ್ತಾರೆ.

ಉತ್ತರ (ಗೃಹಿಣಿ, ಮೈಸೂರು)

ಅಲೈನರ್ ಬಗ್ಗೆ ಕೇಳಿದ್ದೀರಿ, ನಾನು ಹಾಕಿಕೊಂಡಿದ್ದೆ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಊಟಕ್ಕೂ ಕಾಫಿಗೂ ತೆಗೆದು, ಹಲ್ಲುಜ್ಜಿ ಮತ್ತೆ ಹಾಕಬೇಕು. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ಮನೆಯಲ್ಲಿ ಈ ಶಿಸ್ತು ಸುಲಭವಲ್ಲ. ಮೊದಲ ಕೆಲವು ದಿನ ಸಕಾರ ತೊದಲುತ್ತದೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ಶುಚಿ ಮಾಡುವುದು ಸುಲಭವಾಗಿರುವುದರಿಂದ ವಸಡಿಗೆ ಇದು ಹಿತ. ಖರ್ಚು ಮಾತ್ರ ಲಕ್ಷ ರೂಪಾಯಿ ದಾಟುವುದುಂಟು.

ಮನೆಗೇ ಅಚ್ಚು ಕಳಿಸಿ, ಎಕ್ಸ್‌ರೇ ಇಲ್ಲದೆ ಅಂಚೆಯಲ್ಲಿ ಅಲೈನರ್ ಕೊಡುವ ವ್ಯವಹಾರಕ್ಕೆ ದಯವಿಟ್ಟು ಹೋಗಬೇಡಿ. ಅಮೆರಿಕದಲ್ಲಿ ಹಾಗೆ ಮಾರುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ನಡುವೆ ಇದ್ದವರು ಅತಂತ್ರರಾದರು. ನಿಮ್ಮೂರಿನಲ್ಲೇ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಕೊಡುತ್ತಾರೆ, ಸಾಮಾನ್ಯವಾಗಿ ಖರ್ಚೂ ಕಡಿಮೆ. ಅವರ ಕೋರ್ಸು ಮೂರು ವರ್ಷದ್ದಾದ್ದರಿಂದ ಮೊದಲ ವರ್ಷದವರ ಬಳಿ ಶುರುವಾದರೆ ನಡುವೆ ವೈದ್ಯರು ಬದಲಾಗುವ ಸಂಭವ ಕಡಿಮೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ವಸಡಿನ ತಜ್ಞರನ್ನು ಈ ವಾರವೇ ಕಾಣುತ್ತೇನೆ. ಖಾಲಿ ಜಾಗಕ್ಕೆ ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಹಾಕಿಸುವ ಯೋಚನೆಯೂ ಇತ್ತು. ಅದನ್ನು ಮೊದಲು ಮುಗಿಸಿಬಿಡಬಹುದೇ?

ಉತ್ತರ (ಆರ್ಥೊಡಾಂಟಿಸ್ಟ್, ಧಾರವಾಡ)

ಬೇಡ ಮೇಡಂ, ಕಾಯಿರಿ. ಇಂಪ್ಲಾಂಟಿಗೆ ನಾನು ಹೇಳಿದ ನಾರಿನ ಪದರ ಇರುವುದಿಲ್ಲ, ಅದು ನೇರವಾಗಿ ಮೂಳೆಗೆ ಬೆಸೆದುಕೊಳ್ಳುತ್ತದೆ. ಒಮ್ಮೆ ಕೂರಿಸಿದರೆ ಯಾವ ತಂತಿಯೂ ಅದನ್ನು ಸರಿಸಲಾರದು. ವಾಲಿದ ಹಲ್ಲನ್ನು ಮೊದಲು ನೆಟ್ಟಗೆ ಮಾಡಿ, ಬೇಕಾದಷ್ಟು ಜಾಗ ಮಾಡಿಕೊಂಡ ಮೇಲೆ ಇಂಪ್ಲಾಂಟ್ ಇಡುವುದು ಸರಿಯಾದ ಕ್ರಮ.

ಸಂದು ಮುಚ್ಚಿದ ಮೇಲೂ ವಸಡು ಇಳಿದ ಕಡೆ ಎರಡು ಹಲ್ಲುಗಳ ಬುಡದಲ್ಲಿ ಸಣ್ಣ ಕಪ್ಪು ತ್ರಿಕೋನ ಉಳಿಯಬಹುದು. ಹಲ್ಲಿನ ಬದಿಯನ್ನು ಕೂದಲೆಳೆಯಷ್ಟು ಉಜ್ಜಿ ಅದನ್ನು ಕಿರಿದಾಗಿಸುತ್ತಾರೆ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾಗದು. ಚಿಕಿತ್ಸೆ ಮುಗಿದಾಗ ಹಲ್ಲುಗಳ ಹಿಂಬದಿಗೆ ಅಂಟಿಸುವ ತೆಳು ತಂತಿಯನ್ನು ನಿಮ್ಮಂಥವರು ಬಹುಪಾಲು ಜೀವನಪೂರ್ತಿ ಇಟ್ಟುಕೊಳ್ಳಬೇಕಾಗುತ್ತದೆ, ಇಲ್ಲವಾದರೆ ಸಂದು ಮತ್ತೆ ಬಿಡುತ್ತದೆ. ಕ್ಲಿಪ್ ಇರುವಷ್ಟು ಕಾಲವೂ ಮೂರು ತಿಂಗಳಿಗೊಮ್ಮೆ ವಸಡಿನ ತಪಾಸಣೆ ತಪ್ಪಿಸಬೇಡಿ. ಮೊದಲ ಭೇಟಿಗೆ ಹೋಗುವಾಗ ಹಲ್ಲು ಕಾಣುವಂತೆ ನಕ್ಕಿರುವ ಹಳೆಯ ಫೋಟೊ ಒಂದನ್ನು ಒಯ್ಯಿರಿ. ಹಲ್ಲು ಎಷ್ಟು ಸರಿದಿದೆ, ಎಲ್ಲಿಗೆ ಮರಳಿಸಬೇಕು ಎನ್ನುವುದನ್ನು ವೈದ್ಯರು ಅದರಿಂದ ಚೆನ್ನಾಗಿ ಅಂದಾಜು ಮಾಡುತ್ತಾರೆ.